ಉಪ್ಪಿನ ಹಳದಿ

ಕೆಂಪು ಲೇಸರ್ ಮೂರು ಯೂರೋಗೆ ಸಿಗುತ್ತದೆ,
ಬೆಕ್ಕನ್ನು ಗೋಡೆ ಹತ್ತಿಸುವ ಕೆಂಪು.
ಹಸಿರು ಸ್ವಲ್ಪ ದುಬಾರಿ.
ನೀಲಿಯಂತೂ ಈಗ ಬೀದಿಪಾಲು.
ಹಳದಿ ಕೇಳಿದರೆ ಮಾತ್ರ ಅಂಗಡಿಯವನು
ಗಲ್ಲ ತುರಿಸಿಕೊಳ್ಳುತ್ತಾನೆ.

ಹಳದಿ ಸುಮ್ಮನೆ ಹುಟ್ಟುವುದಿಲ್ಲ, ಗೊಡ್ಲೀವ,
ಕೂಡಿ ಬರಬೇಕು.
ಒಂದು ಹರಳಿನಿಂದ ಎರಡು ಬೆಳಕು,
ಎರಡೂ ಕೆಂಪಿನಾಚೆ, ಎರಡೂ ಕಣ್ಣಿಗೆ ಕಾಣದವು:
ಒಂದರ ಅಲೆ ಸಾವಿರದ ಅರವತ್ನಾಲ್ಕು,
ಇನ್ನೊಂದರದು ಸಾವಿರದ ಮುನ್ನೂರ ನಲವತ್ತೆರಡು.
ಇನ್ನೊಂದು ಹರಳೊಳಗೆ, ಅಕ್ಕಿಕಾಳಿನಷ್ಟು ಜಾಗದಲ್ಲಿ,
ಹೆಜ್ಜೆಗೆ ಹೆಜ್ಜೆ ಸೇರಿದರೆ
ಎರಡೂ ಅಳಿದು ಒಂದು ಹಳದಿ.
"ಕೂಡಿದರೆ ಎರಡು ಸಾವಿರದ ನಾನೂರಾರು"
ಅಂದೆ ನೀನು, ಬೇಕರಿಯ ಲೆಕ್ಕ ಬರೆಯುವವಳು.
ಅಲೆಯ ಉದ್ದ ಕೂಡಿಸಬಾರದು, ಬಡಿತ ಕೂಡಿಸಬೇಕು.
ಆಗ ಬರುವುದು ಐನೂರ ತೊಂಬತ್ಮೂರೂವರೆ.
ನೀನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು
ಈರುಳ್ಳಿ ಹೆಚ್ಚಲು ಹೋದೆ.

ಆಲ್ಟರಿನಿಂದ ಗೆಂಟಿನವರೆಗೆ ಹೆದ್ದಾರಿಯ ಕಂಬ ಕಂಬಕ್ಕೂ
ಇಪ್ಪತ್ತಾರು ವರ್ಷ ತೂಗುಬುಟ್ಟಿಯಲ್ಲಿ ಏರಿದವನು ನಾನು.
ಸೋಡಿಯಂ ಬುರುಡೆ ಸಿಕ್ಕಿಸಿ ಇಳಿದರೆ
ಮೊದಲು ನಾಚಿದಂಥ ಕೆಂಪು,
ಹತ್ತು ನಿಮಿಷ ಕಾದರೆ ಹಳದಿ,
ಬೇರಾವ ಬಣ್ಣವನ್ನೂ ಒಳಬಿಡದ ಹಳದಿ.
ಅದರಡಿ ಟೊಮೆಟೊ ಲಾರಿ ಕಂದು,
ಮದುವೆ ಕಾರಿನ ಹೂವೂ ಕಂದು.
ಅಪಘಾತದ ಸಾಕ್ಷಿಗಳು ಪೊಲೀಸರಿಗೆ
"ಕಾರು... ರಾತ್ರಿಯ ಬಣ್ಣದ್ದು" ಅನ್ನುತ್ತಿದ್ದರು.
ಸಾರಿನ ಉಪ್ಪಿನಲ್ಲಿರುವುದೂ ಅದೇ ಸೋಡಿಯಂ.
ಉಪ್ಪಿನ ಋಣ ಅಂದರೆ ನನ್ನದೇ.
ಬಿಳಿ ಎಲ್‌ಇಡಿ ಬಂದ ವರ್ಷ
ಕೊನೆಯ ಬುರುಡೆಯನ್ನು ಕೋಟಿನೊಳಗೆ ಇಟ್ಟು ತಂದೆ.
ಕಳವು ಅನ್ನುವವರು ಅನ್ನಲಿ.

ಆ ಬುರುಡೆಯ ಮುಂದೆ ಗ್ಯಾಸಿನ ಉರಿ ಹಿಡಿದು
ಚಿಟಿಕೆ ಉಪ್ಪು ಉದುರಿಸಿದರೆ
ಉರಿ ಕಪ್ಪಗಾಗುತ್ತದೆ.
ನಿಜವಾಗಿ ಕಪ್ಪು, ಗೋಡೆಯ ಮೇಲೆ ನೆರಳು ಬೀಳುವಷ್ಟು.
ಉಪ್ಪು ತನ್ನ ಬೆಳಕನ್ನು ಗುರುತು ಹಿಡಿದು
ನುಂಗಿಬಿಡುತ್ತದೆ.

ನನ್ನ ಲೇಸರನ್ನು ಅದೇ ಉರಿಯೊಳಗೆ ಹಾಯಿಸಿದೆ.
ನೀನೂ ಕನ್ನಡಕ ಹಾಕಿ ನಿಂತಿದ್ದೆ.
ಕಿರಣ ತೂರಿ ಹೋಯಿತು,
ನೆಂಟರಲ್ಲದವರ ಮನೆ ಮುಂದೆ ಹಾದುಹೋದ ಹಾಗೆ.
"ಎರಡೂ ಹಳದಿಯೇ, ನನಗೆ ವ್ಯತ್ಯಾಸ ಕಾಣದು" ಅಂದೆ.
ನನಗೂ ಕಾಣದು.
ಉರಿಗೆ ಕಾಣುತ್ತದೆ.
ನಾಲ್ಕೂವರೆ ನ್ಯಾನೋಮೀಟರ್ ಆಚೆ ನಿಂತವನನ್ನು
ಅದು ಒಳಗೆ ಕರೆಯುವುದಿಲ್ಲ.

ಆಲ್ಸ್ಟಿನ ಓಡಿಲೋನ್ ಚರ್ಮದ ಆಸ್ಪತ್ರೆಯ ಗುಜರಿಯಿಂದ
ಯಾಗ್ ಹರಳಿನ ಕಡ್ಡಿಯೊಂದನ್ನು ಕಾಲುಚೀಲದಲ್ಲಿ ಸುತ್ತಿ ತಂದ.
ಅದು ಇನ್ನೊಂದು ಸ್ವರವನ್ನೂ ಹಾಡುತ್ತದಂತೆ:
ಸಾವಿರದ ಮುನ್ನೂರ ಹತ್ತೊಂಬತ್ತು.
ಅರವತ್ನಾಲ್ಕರ ಜೊತೆ ಅದನ್ನು ಕೂಡಿಸಿದರೆ ಐನೂರ ಎಂಬತ್ತೊಂಬತ್ತು,
ಉಪ್ಪಿನ ಮನೆಯ ಹೊಸ್ತಿಲು.
ಚಳಿಗಾಲವಿಡೀ ಭಾನುವಾರ ರಾತ್ರಿಗಳು,
ಕನ್ನಡಿಗಳು, ಬೈಗುಳಗಳು,
ಬಿರುಕುಬಿಟ್ಟ ಎರಡು ಹರಳು.
ಮೂರನೆಯದು ಕಣ್ಣು ತೆರೆಯಿತು.
ತೆಳ್ಳಗೆ, ನಡುಗುತ್ತ, ಹಳದಿ.

ಉರಿ ಹಚ್ಚಿದೆವು. ಉಪ್ಪು. ಇನ್ನಷ್ಟು ಉಪ್ಪು.
ಓಡಿಲೋನ್ ಹರಳಿನ ಶಾಖವನ್ನು
ಡಿಗ್ರಿಯ ಹತ್ತನೇ ಒಂದರಷ್ಟು ಮೇಲೆ, ಕೆಳಗೆ.
ಕೂದಲೆಳೆ ಆಚೆ, ಕೂದಲೆಳೆ ಈಚೆ.
ಹನ್ನೊಂದೂವರೆಗೆ ಒಮ್ಮೆ
ಗೋಡೆಯ ಚುಕ್ಕೆ ಕಂತಿತು.
ಕಂತಿತು ಅಂತ ನಾನು.
ಗ್ಯಾಸ್ ಸಿಲಿಂಡರ್ ಮುಗಿಯುತ್ತಿದೆ ಅಂತ ಅವನು.
ಮತ್ತೆ ಆಗಲಿಲ್ಲ.
"ನಾಳೆಯ ಸೂಪಿಗೆ ಉಪ್ಪು?" ಅಂತ ಮೇಲಿಂದ ನೀನು.

ಅವನನ್ನು ಬೀಳ್ಕೊಡಲು ಬೀದಿಗೆ ಬಂದೆ.
ಹೊಸ ಬಿಳಿ ದೀಪ, ಮಂಜಿನ ಹನಿ,
ಸದಾ ರಾತ್ರಿಯೇ ಬರುತ್ತಿದ್ದ, ರಾತ್ರಿಯೇ ಹೋಗುತ್ತಿದ್ದ ಗೆಳೆಯ.
ಹತ್ತೊಂಬತ್ತು ವರ್ಷದಿಂದ ಕಂದು ಅಂದುಕೊಂಡಿದ್ದ
ಅವನ ಹಳೆಯ ಕಾರು
ಹಸಿರು.